ಹೊಳೆಯಿಲ್ಲದ ಕಡೆ ಊರು ಕಟ್ಟಿದ ನಾಡಪ್ರಭು

ನಮ್ಮ ನಾಡಿನ ಹೆಸರಾಂತ ನಗರಗಳಲ್ಲಿ ಬಹುಪಾಲು ನದಿಗಳ ಮಗ್ಗುಲಲ್ಲಿ ಹುಟ್ಟಿದವು. ಕಾಶಿಗೆ ಗಂಗೆಯುಂಟು, ಮಧುರೆಗೆ ವೈಗೈ ಉಂಟು, ವಿಜಯನಗರಕ್ಕೆ ತುಂಗಭದ್ರೆ, ಶ್ರೀರಂಗಪಟ್ಟಣಕ್ಕೆ ಕಾವೇರಿ. ಬೆಂಗಳೂರಿಗೆ ಮಾತ್ರ ಅಂಥ ಭಾಗ್ಯವಿಲ್ಲ. ಅದು ಸಮುದ್ರಮಟ್ಟಕ್ಕಿಂತ ಸುಮಾರು ೩,೦೦೦ ಅಡಿ ಎತ್ತರದಲ್ಲಿ, ಒಂದು ದಿಣ್ಣೆಯ ಬೆನ್ನಿನ ಮೇಲೆ ಕುಳಿತಿದೆ. ಆ ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿಯ ಹಳ್ಳ ಹಿಡಿದು, ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರುತ್ತದೆ. ಪೂರ್ವಕ್ಕೆ ಬಿದ್ದುದು ದಕ್ಷಿಣ ಪಿನಾಕಿನಿಯ ಪಾಲಾಗುತ್ತದೆ. ನಿಂತ ನೆಲದಿಂದ ನೀರು ಎರಡು ದಿಕ್ಕಿಗೂ ಓಡಿಹೋಗುವ ಇಂಥ ಎಡೆಯಲ್ಲಿ ಒಂದು ಊರನ್ನು ಕಟ್ಟಬೇಕೆಂದು ಸುಮಾರು ಐದು ಶತಮಾನಗಳ ಹಿಂದೆ ಒಬ್ಬನಿಗೆ ತೋಚಿತು. ಅವನು ಚಕ್ರವರ್ತಿಯಲ್ಲ, ದೊಡ್ಡ ಸಾಮ್ರಾಜ್ಯವೊಂದರ ಅಂಚಿನಲ್ಲಿ ಕೆಲವು ಹೋಬಳಿಗಳನ್ನು ಆಳಿಕೊಂಡಿದ್ದ ಒಕ್ಕಲು ಮನೆತನದ ನಾಡಪ್ರಭು.

ಕೆಂಪೇಗೌಡನ ಹೆಸರನ್ನು ಕೇಳದ ಕನ್ನಡಿಗನು ಇಂದು ಇಲ್ಲವೆನ್ನಬಹುದು. ರಾಜಧಾನಿಯ ವಿಮಾನ ನಿಲ್ದಾಣಕ್ಕೆ ಅವನ ಹೆಸರಿದೆ, ಬಸ್ಸು ನಿಲ್ದಾಣಕ್ಕೆ ಅವನ ಹೆಸರಿದೆ, ಮೆಟ್ರೋ ರೈಲಿನ ನಡುನಿಲ್ದಾಣಕ್ಕೂ ಅವನ ಹೆಸರಿದೆ. ೨೦೨೨ನೆಯ ಇಸವಿಯ ನವೆಂಬರಿನಲ್ಲಿ ವಿಮಾನ ನಿಲ್ದಾಣದ ಬಳಿ ಅವನ ೧೦೮ ಅಡಿ ಎತ್ತರದ ಕಂಚಿನ ಪ್ರತಿಮೆ ಎದ್ದು ನಿಂತಿತು. ಆದರೆ ಅವನ ಬಾಳಿನ ವಿಷಯ ಕೇಳಿದರೆ ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎರಡೇ ಮಾತು ಹೇಳುತ್ತಾರೆ: ಅವನು ೧೫೩೭ರಲ್ಲಿ ಬೆಂಗಳೂರನ್ನು ಕಟ್ಟಿದನು, ಊರಿನ ನಾಲ್ಕು ದಿಕ್ಕಿಗೆ ನಾಲ್ಕು ಗೋಪುರಗಳನ್ನು ಎತ್ತಿಸಿದನು. ಇವುಗಳಲ್ಲಿ ಎರಡನೆಯದು ಅವನ ಮಗನ ಕೆಲಸವೆಂದು ಇತಿಹಾಸಕಾರರಲ್ಲಿ ಹೆಚ್ಚಿನವರ ಅಭಿಪ್ರಾಯ. ಮೊದಲನೆಯ ಮಾತು ನಿಜವೇ. ಆದರೆ ಕಟ್ಟಿದನು ಎಂಬ ಆ ಒಂದು ಕ್ರಿಯಾಪದದ ಹೊಟ್ಟೆಯಲ್ಲಿ ಎಷ್ಟು ವಿವೇಕ, ಎಷ್ಟು ಸಾಹಸ, ಎಷ್ಟು ದಂಡನೆ ಅಡಗಿದೆಯೆಂಬುದನ್ನು ನಾವು ಅಷ್ಟಾಗಿ ಯೋಚಿಸುವುದಿಲ್ಲ. ಅದನ್ನು ಸ್ವಲ್ಪ ಬಿಡಿಸಿ ನೋಡಬೇಕೆಂಬುದು ಈ ಲೇಖನದ ಉದ್ದೇಶ.

ಕೆಂಪೇಗೌಡನ ಹಿರಿಯರು ಮೊರಸು ಒಕ್ಕಲಿಗರು. ಅವರು ಕಂಚಿಯ ಸೀಮೆಯಿಂದ ಬಂದವರೆಂದು ವಂಶದ ಕಥೆ ಹೇಳುತ್ತದೆ. ಮನೆಯ ಹೆಣ್ಣುಮಗಳೊಬ್ಬಳನ್ನು ಬಲಾತ್ಕಾರದಿಂದ ಮದುವೆಯಾಗಬಯಸಿದ ಪ್ರಬಲನೊಬ್ಬನ ಕಾಟ ತಾಳಲಾರದೆ, ರಣಭೈರೇಗೌಡನೆಂಬ ಹಿರಿಯನು ತನ್ನವರನ್ನೆಲ್ಲ ಬಂಡಿಗಳಲ್ಲಿ ಕೂರಿಸಿಕೊಂಡು ರಾತ್ರೋರಾತ್ರಿ ಊರು ಬಿಟ್ಟನಂತೆ. ನಂದಿಬೆಟ್ಟದ ಆಸುಪಾಸಿಗೆ ಬಂದು ಬಂಡಿ ಬಿಚ್ಚಿದ ಆ ಗುಂಪು ಕಾಡು ಕಡಿದು, ನೆಲ ಹಸನು ಮಾಡಿ, ಆವತಿ ಎಂಬ ಹಳ್ಳಿಯನ್ನು ನೆಲೆಗೊಳಿಸಿತು. ಇದು ಹದಿನೈದನೆಯ ಶತಮಾನದ ಆದಿಭಾಗದ ಮಾತು. ಆ ಒಂದು ಹಳ್ಳಿಯಿಂದ ಕವಲೊಡೆದ ಮನೆತನದವರು ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳಲ್ಲಿ ಪಾಳೆಯಪಟ್ಟುಗಳನ್ನು ಕಟ್ಟಿದರು. ಒಂದು ಕವಲು ಯಲಹಂಕಕ್ಕೆ ಬಂದು, ವಿಜಯನಗರದ ಅರಸರಿಗೆ ನಡೆದುಕೊಂಡು, ಯಲಹಂಕದ ನಾಡಪ್ರಭುಗಳೆಂಬ ಹೆಸರು ಪಡೆಯಿತು. ಕಿರುಕುಳಕ್ಕೆ ಹೆದರಿ ನೆಲೆ ತಪ್ಪಿದ ಜನರ ಸಂತತಿಯವನೇ ಮುಂದೆ ಎಷ್ಟೋ ಮಂದಿಗೆ ನೆಲೆಯಾಗುವ ಊರನ್ನು ಕಟ್ಟಿದನೆಂಬುದು ಗಮನಿಸಬೇಕಾದ ಸಂಗತಿ.

ಈ ಕವಲಿನ ಕೆಂಪನಂಜೇಗೌಡ ಮತ್ತು ಲಿಂಗಾಂಬೆಯರ ಮಗನಾಗಿ ಕೆಂಪೇಗೌಡನು ೧೫೧೦ರ ಸುಮಾರಿನಲ್ಲಿ ಹುಟ್ಟಿದನು. ಹೆಸರಘಟ್ಟದ ಸಮೀಪದ ಐಗೊಂಡಪುರದಲ್ಲಿ ಗುರುಕುಲವಾಸ ಮಾಡಿ ವಿದ್ಯೆ ಕಲಿತನೆಂದು ಪ್ರತೀತಿ. ಅವನ ಎಳೆತನದ ಕಾಲ ಕೃಷ್ಣದೇವರಾಯನ ಆಳ್ವಿಕೆಯ ಕಾಲ. ವಿಜಯನಗರದ ವೈಭವ ನೆತ್ತಿಗೇರಿದ್ದ ಕಾಲ. ಮಹಾನವಮಿಗೆ ಸಾಮಂತರೆಲ್ಲ ರಾಜಧಾನಿಗೆ ಹೋಗಿ ಅರಸನಿಗೆ ಕಪ್ಪಕಾಣಿಕೆ ಒಪ್ಪಿಸುವುದು ಆಗಿನ ವಾಡಿಕೆ. ಹಾಗೆ ಹೋದಾಗ ಕಂಡ ನಗರ ತರುಣ ಕೆಂಪೇಗೌಡನ ಮನಸ್ಸಿನಲ್ಲಿ ಅಚ್ಚೊತ್ತಿತೆಂದು ಪರಂಪರೆ ಹೇಳುತ್ತದೆ. ಅಲ್ಲಿ ಅವನು ಏನನ್ನು ಕಂಡಿರಬಹುದು? ಗುಡಿಗೋಪುರಗಳನ್ನೂ ಆನೆಕುದುರೆಗಳನ್ನೂ ಎಲ್ಲರೂ ಕಂಡಿದ್ದಾರೆ. ಅಲ್ಲಿನ ಬಜಾರುಗಳ ಉದ್ದಗಲವನ್ನೂ, ತುಂಗಭದ್ರೆಯ ನೀರನ್ನು ಬಂಡೆಗಳ ನಡುವೆ ಸಾಗಿಸಿ ಊರಿಗೂ ತೋಟಗಳಿಗೂ ಹಂಚುತ್ತಿದ್ದ ಕಾಲುವೆಗಳನ್ನೂ, ಕೆರೆಗಳನ್ನೂ ಈ ಒಕ್ಕಲುಮಗನ ಕಣ್ಣು ಹೆಚ್ಚಾಗಿ ಅರಸಿತೆಂದು ನಾನು ಊಹಿಸುತ್ತೇನೆ. ಮುಂದೆ ಅವನು ಮಾಡಿದ ಕೆಲಸವೇ ಈ ಊಹೆಗೆ ಆಧಾರ.

ಇಲ್ಲಿ ಊರಿನ ಹೆಸರಿನ ವಿಷಯ ಒಂದು ಮಾತು ಹೇಳಬೇಕು. ಬೇಟೆಗೆ ಬಂದು ದಾರಿ ತಪ್ಪಿದ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳೆಂದೂ, ಅದರಿಂದ ಬೆಂದಕಾಳೂರು ಎಂಬ ಹೆಸರು ಹುಟ್ಟಿತೆಂದೂ ಹೇಳುವ ಕಥೆ ಸೊಗಸಾಗಿದೆ. ಆದರೆ ಬೇಗೂರಿನ ನಾಗೇಶ್ವರ ಗುಡಿಯಲ್ಲಿರುವ, ಸುಮಾರು ಕ್ರಿ. ಶ. ೮೯೦ರ ಗಂಗರ ಕಾಲದ ವೀರಗಲ್ಲಿನಲ್ಲಿಯೇ ಬೆಂಗಳೂರಿನ ಕಾಳಗದ ಮಾತು ಬರುತ್ತದೆ. ಬಲ್ಲಾಳನು ಹುಟ್ಟುವುದಕ್ಕೆ ಶತಮಾನಗಳ ಮೊದಲೇ ಆ ಹೆಸರು ಇದ್ದಿತು. ಹೆಬ್ಬಾಳದ ಕಡೆಗೆ ಹಳೆಯ ಬೆಂಗಳೂರೆಂಬ ಹಳ್ಳಿಯೂ ಇದ್ದಿತು. ಅದು ಕೆಂಪೇಗೌಡನ ನಂಟರ ಊರೆಂದೂ, ಅದರ ಹೆಸರನ್ನೇ ಅವನು ಹೊಸ ಊರಿಗೆ ಇಟ್ಟನೆಂದೂ ಹೇಳುವುದುಂಟು. ಪಟ್ಟಣ ಕಟ್ಟಿದ ಪ್ರಭುಗಳು ಅದಕ್ಕೆ ತಮ್ಮ ಹೆಸರನ್ನೋ ತಮ್ಮ ಒಡೆಯನ ಹೆಸರನ್ನೋ ಇಡುವುದು ಲೋಕರೂಢಿ. ಕೆಂಪೇಗೌಡನು ಕೆಂಪಾಪುರವೆಂದಾಗಲಿ ಅಚ್ಯುತಪುರವೆಂದಾಗಲಿ ಕರೆಯದೆ ಒಂದು ಹಳ್ಳಿಯ ಹೆಸರನ್ನೇ ಉಳಿಸಿಕೊಂಡದ್ದು ಅವನ ಸ್ವಭಾವವನ್ನು ಸೂಚಿಸುತ್ತದೆ.

ಊರು ಕಟ್ಟುವ ಯೋಚನೆ ಅವನಿಗೆ ಬಂದುದು ಬೇಟೆಯ ಸಂದರ್ಭದಲ್ಲಿ ಎನ್ನುತ್ತಾರೆ. ಯಲಹಂಕದಿಂದ ಪಶ್ಚಿಮಕ್ಕೆ ಹೆಸರಘಟ್ಟದ ಕಡೆ ಹೋಗಿದ್ದಾಗ, ಶಿವಸಮುದ್ರವೆಂಬ ಹಳ್ಳಿಯ ಬಳಿ ಮರದ ನೆರಳಿನಲ್ಲಿ ಕುಳಿತು ಅವನು ಜೊತೆಯವರೊಡನೆ ಮನಸ್ಸಿನ ಮಾತನ್ನು ಆಡಿದನಂತೆ: ಕೋಟೆಯಿರುವ, ಕೆರೆಗಳಿರುವ, ಗುಡಿಗಳಿರುವ, ಎಲ್ಲ ಕಸುಬಿನವರೂ ಕೂಡಿ ಬಾಳುವ ಒಂದು ಪಟ್ಟಣ ಬೇಕು ಎಂದು. ಮೊಲವೊಂದು ನಾಯಿಯನ್ನು ಅಟ್ಟಿಸಿಕೊಂಡು ಹೋದುದನ್ನು ಕಂಡು ಇದು ಗಂಡುಭೂಮಿಯೆಂದು ನಿಶ್ಚಯಿಸಿದನೆಂಬ ಕಥೆಯೂ ಇದೆ. ಅದು ವಿಜಯನಗರದ ಹುಟ್ಟಿನ ವಿಷಯದಲ್ಲಿಯೂ ಪ್ರಚಲಿತವಾಗಿರುವ ಕಥೆ. ನಮ್ಮ ಜನ ಯಾವ ಊರನ್ನು ಪ್ರೀತಿಸಿದರೂ ಅದರ ಹುಟ್ಟಿಗೊಂದು ಮೊಲವನ್ನು ತಂದು ನಿಲ್ಲಿಸುತ್ತಾರೆ.

ಯೋಚನೆ ಬಂದರೆ ಸಾಲದು. ಒಡೆಯನ ಅಪ್ಪಣೆ ಬೇಕು. ನಾಡಪ್ರಭುವಿನ ಸ್ಥಾನವೇ ಅಂಥದು. ನೆಲ ಚಕ್ರವರ್ತಿಯದು, ಅದನ್ನು ಉಂಬಳಿಯಾಗಿ ಪಡೆದವನು ಕಾಲಕ್ಕೆ ಸರಿಯಾಗಿ ಕಪ್ಪ ಕೊಡಬೇಕು, ಯುದ್ಧ ಬಂದಾಗ ದಂಡು ತೆಗೆದುಕೊಂಡು ಹೋಗಬೇಕು. ಕೋಟೆ ಕಟ್ಟುವ ಸಾಮಂತನನ್ನು ಅರಸು ಅನುಮಾನದಿಂದ ನೋಡುವುದೂ ಸಹಜವೇ. ಆಗ ವಿಜಯನಗರದ ಸಿಂಹಾಸನದಲ್ಲಿ ಅಚ್ಯುತದೇವರಾಯನಿದ್ದನು. ೧೫೨೯ರಿಂದ ೧೫೪೨ರವರೆಗೆ ಅವನ ಆಳ್ವಿಕೆ. ಅವನು ಕೆಂಪೇಗೌಡನಿಗೆ ಅಪ್ಪಣೆ ಕೊಟ್ಟದ್ದಲ್ಲದೆ, ಹಲಸೂರು, ಬೇಗೂರು, ವರ್ತೂರು, ಜಿಗಣಿ, ತಲಘಟ್ಟಪುರ, ಕೆಂಗೇರಿ, ಕುಂಬಳಗೋಡು, ಹೆಸರಘಟ್ಟ ಮೊದಲಾದ ಹೋಬಳಿಗಳನ್ನು ಬಿಟ್ಟುಕೊಟ್ಟನೆಂದು ತಿಳಿಯುತ್ತದೆ. ಅವುಗಳ ವಾರ್ಷಿಕ ಹುಟ್ಟುವಳಿ ೩೦,೦೦೦ ವರಹಗಳೆಂದು ಹೇಳಿದೆ. ಈ ಹೆಸರುಗಳನ್ನು ಓದುವಾಗ ಇಂದಿನ ಬೆಂಗಳೂರಿನ ಬಡಾವಣೆಗಳ ಪಟ್ಟಿಯನ್ನೇ ಓದಿದಂತಾಗುತ್ತದೆ. ಅಂದು ಅವು ಊರಿಗೆ ಅನ್ನವಿಕ್ಕುವ ಹಳ್ಳಿಗಳಾಗಿದ್ದವು.

೧೫೩೭ರಲ್ಲಿ ಕೆಲಸ ಪ್ರಾರಂಭವಾಯಿತು. ಇಂದು ದೊಡ್ಡಪೇಟೆಯೂ ಚಿಕ್ಕಪೇಟೆಯೂ ಕೂಡುವ ಚೌಕದಲ್ಲಿ ಶುಭಮುಹೂರ್ತ ನೋಡಿ ನಾಲ್ಕು ಜೊತೆ ಎತ್ತುಗಳಿಗೆ ನೇಗಿಲು ಹೂಡಿದರು. ನಾಲ್ಕು ಆರುಗಳನ್ನೂ ನಾಲ್ಕು ದಿಕ್ಕಿಗೆ ಹೊಡೆದರು. ನೇಗಿಲ ಸಾಲು ಎಲ್ಲಿಯವರೆಗೆ ಹೋಯಿತೋ ಅಲ್ಲಿಯವರೆಗೆ ಬೀದಿ. ಎಲ್ಲಿ ನಿಂತಿತೋ ಅಲ್ಲಿ ಊರ ಬಾಗಿಲು. ಉಗಾದಿಯ ಹೊತ್ತಿಗೆ ಹೊನ್ನಾರು ಕಟ್ಟಿ ವರ್ಷದ ಮೊದಲ ಉಳುಮೆ ಮಾಡುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಉಂಟಷ್ಟೆ. ಕೆಂಪೇಗೌಡನು ಪಟ್ಟಣಕ್ಕೂ ಅದೇ ರೀತಿ ಹೊನ್ನಾರು ಹೂಡಿದನೆಂದು ನನಗೆ ತೋರುತ್ತದೆ. ಶಿಲ್ಪಶಾಸ್ತ್ರದ ಗ್ರಂಥ ಹಿಡಿದು ನಗರ ರಚಿಸಿದ ಅರಸರು ನಮ್ಮಲ್ಲಿ ಹಲವರಿದ್ದಾರೆ. ಹೊಲದ ಸಾಲಿನಿಂದ ಬೀದಿಯನ್ನು ತೆಗೆದವನೆಂದು ಜನ ನೆನೆಯುವುದು ಇವನನ್ನು.

ಉತ್ತರಕ್ಕೆ ಯಲಹಂಕದ ಬಾಗಿಲು, ಪೂರ್ವಕ್ಕೆ ಹಲಸೂರಿನ ಬಾಗಿಲು, ದಕ್ಷಿಣಕ್ಕೆ ಆನೇಕಲ್ಲಿನ ಬಾಗಿಲು, ಪಶ್ಚಿಮಕ್ಕೆ ಸೊಂಡೆಕೊಪ್ಪದ ಬಾಗಿಲು. ಇವು ನಾಲ್ಕು ಹೆಬ್ಬಾಗಿಲುಗಳು. ಇವಲ್ಲದೆ ಚಿಕ್ಕ ಬಾಗಿಲುಗಳೂ ಇದ್ದವು. ಈ ಹೆಸರುಗಳಲ್ಲಿ ಒಂದು ವಿಶೇಷವಿದೆ. ದೆಹಲಿಯಲ್ಲಿ ಲಾಹೋರ್ ದರವಾಜೆ, ಕಾಶ್ಮೀರ ದರವಾಜೆಗಳಿವೆ. ದೂರದ ದೊಡ್ಡ ನಾಡುಗಳಿಗೆ ಮುಖ ಮಾಡಿದ ಬಾಗಿಲುಗಳು ಅವು. ಬೆಂಗಳೂರಿನ ಬಾಗಿಲುಗಳು ಮುಖ ಮಾಡಿದ್ದು ಸುತ್ತಣ ಊರುಗಳ ಕಡೆಗೆ. ರಾಗಿಯ ಬಂಡಿ, ಅವರೆಯ ಹೊರೆ, ಎಳ್ಳೆಣ್ಣೆಯ ಕೊಡ, ಕಂಬಳಿಯ ಗಂಟು ಬರುವ ದಾರಿ ಯಾವುದೋ ಅದೇ ಹೆಬ್ಬಾಗಿಲಾಯಿತು. ಈ ಪಟ್ಟಣದ ಮೊದಲ ಲಕ್ಷಣ ಸಂತೆ.

ಒಳಗೆ ಪೇಟೆಗಳು ಹರಡಿಕೊಂಡವು. ಪೇಟೆ ಎಂದರೆ ಅಂಗಡಿ ಸಾಲು ಮಾತ್ರವಲ್ಲ. ಒಂದು ಕಸುಬಿನವರ ಮನೆ, ಮಾರಾಟ, ದೇವರು, ಪಂಚಾಯಿತಿ ಎಲ್ಲವೂ ಕೂಡಿದ ಕೇರಿ ಅದು. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ತರಗುಪೇಟೆಗಳು ಸರಕಿನ ಹೆಸರು ಹೊತ್ತವು. ಕುಂಬಾರಪೇಟೆ, ಗಾಣಿಗರಪೇಟೆ, ಗೊಲ್ಲರಪೇಟೆ, ಉಪ್ಪಾರಪೇಟೆ, ತಿಗಳರಪೇಟೆ, ನಗರ್ತಪೇಟೆಗಳು ಜನರ ಹೆಸರು ಹೊತ್ತವು. ಇವೆಲ್ಲವೂ ಒಂದೇ ದಿನ ಹುಟ್ಟಿದವಲ್ಲ. ಕೆಲವು ಮುಂದಿನವರ ಕಾಲದಲ್ಲಿ ಸೇರಿದವು. ಆದರೆ ಕಸುಬಿಗೊಂದು ಕೇರಿ ಎಂಬ ಅಚ್ಚು ಮೊದಲ ದಿನದ್ದು. ಈಗ ಅವೆನ್ಯೂ ರಸ್ತೆ ಎನಿಸಿಕೊಂಡಿರುವ ದೊಡ್ಡಪೇಟೆಯಲ್ಲಿ ನಾನು ನಡೆಯುವಾಗಲೆಲ್ಲ, ಬಾಗಿಲು ಹೋದರೂ ಬಾಗಿಲಿನ ಹೆಸರು ಉಳಿದಿರುವುದು ಸೋಜಿಗವೆನಿಸುತ್ತದೆ. ಉತ್ತರದ ತುದಿಯಲ್ಲಿ ಯಲಹಂಕ ಬಾಗಿಲಿನ ಆಂಜನೇಯನು ಇನ್ನೂ ಕಾವಲು ನಿಂತಿದ್ದಾನೆ. ಹಲಸೂರು ಬಾಗಿಲಿನ ಹೆಸರನ್ನು ಪೊಲೀಸ್ ಠಾಣೆಯೊಂದು ಹೊತ್ತುಕೊಂಡಿದೆ.

ಪಟ್ಟಣಕ್ಕೆ ಕೋಟೆ ಬೇಕಿತ್ತು. ಕೆಂಪೇಗೌಡನು ಕಟ್ಟಿಸಿದ್ದು ಮಣ್ಣಿನ ಕೋಟೆ. ಸುತ್ತ ಅಗಳು, ಅದರಾಚೆ ಮುಳ್ಳಿನ ಬೇಲಿ. ಈ ಕೋಟೆಯ ವಿಷಯದಲ್ಲಿ ಒಂದು ಕರುಣ ಕಥೆ ಉಳಿದುಬಂದಿದೆ. ದಕ್ಷಿಣದ ಹೆಬ್ಬಾಗಿಲು ಕಟ್ಟಿದಷ್ಟು ಸಲವೂ ಕುಸಿಯುತ್ತಿತ್ತಂತೆ. ತುಂಬು ಗರ್ಭಿಣಿಯ ಬಲಿಯಾಗದೆ ಅದು ನಿಲ್ಲದೆಂದು ಬಲ್ಲವರು ನುಡಿದರಂತೆ. ಪ್ರಭು ಅದಕ್ಕೆ ಒಪ್ಪಲಿಲ್ಲ. ಮಾವನ ಕಳವಳವನ್ನು ಕಂಡ ಸೊಸೆ ಲಕ್ಷ್ಮಮ್ಮ, ತಾನೇ ಗರ್ಭಿಣಿಯಾಗಿದ್ದವಳು, ಯಾರಿಗೂ ಹೇಳದೆ ರಾತ್ರಿಯಲ್ಲಿ ಬಾಗಿಲ ಬಳಿಗೆ ಹೋಗಿ ತನ್ನ ಕೈಯಾರೆ ಪ್ರಾಣ ಒಪ್ಪಿಸಿದಳಂತೆ. ಕೋರಮಂಗಲದಲ್ಲಿ ಅವಳ ಹೆಸರಿನ ಸಮಾಧಿಯೂ ಗುಡಿಯೂ ಇವೆ. ಇಂಥ ಕಥೆಗಳು ಕೆರೆಯ ಏರಿಗೆ ಸಂಬಂಧಿಸಿ ನಮ್ಮ ಜನಪದದಲ್ಲಿ ಬೇರೆ ಕಡೆಯೂ ಇವೆ. ಇದು ನಡೆಯಿತೋ ಇಲ್ಲವೋ ಎಂಬ ವಾದವನ್ನು ಪಂಡಿತರಿಗೆ ಬಿಡೋಣ. ಆದರೆ ಬೆಂಗಳೂರಿನ ಜನ ತಮ್ಮ ಊರಿನ ಹುಟ್ಟನ್ನು ನೆನೆಯುವಾಗ ಗಂಡಸಿನ ಪರಾಕ್ರಮದ ಪಕ್ಕದಲ್ಲಿಯೇ ಹೆಣ್ಣೊಬ್ಬಳ ಸಾವನ್ನು ಇಟ್ಟುಕೊಂಡು ಬಂದಿದ್ದಾರೆ. ಕೋಟೆಯ ಮಣ್ಣು ಹೊತ್ತ ಸಾವಿರಾರು ಅನಾಮಧೇಯರ ಋಣವನ್ನು ಆ ಒಂದು ಹೆಸರಿನಲ್ಲಿ ತೀರಿಸಲೆತ್ನಿಸಿದ್ದಾರೆಂದು ನಾನು ಭಾವಿಸುತ್ತೇನೆ.

ಇನ್ನು ನೀರಿನ ಮಾತು. ಕೆಂಪೇಗೌಡನ ನಿಜವಾದ ಹಿರಿಮೆ ಇಲ್ಲಿದೆಯೆಂದು ನನ್ನ ಮತ. ದಿಣ್ಣೆಯ ಮೇಲಿನ ಊರಿಗೆ ಮಳೆಯೊಂದೇ ಗತಿ. ವರ್ಷಕ್ಕೆ ಸುಮಾರು ೯೦೦ ಮಿಲಿಮೀಟರಿನಷ್ಟು ಮಳೆ ಇಲ್ಲಿ ಬೀಳುತ್ತದೆ, ಅದು ಕಡಮೆಯಲ್ಲ. ಆದರೆ ಇಳಿಜಾರು ಅದನ್ನು ನಿಲ್ಲಗೊಡುವುದಿಲ್ಲ. ಹಳ್ಳದ ನೆತ್ತಿಯಲ್ಲಿಯೇ ಅಡ್ಡಲಾಗಿ ಏರಿ ಕಟ್ಟಿ ಓಡುವ ನೀರನ್ನು ತಡೆಯಬೇಕು. ತೂಬಿನ ಮೂಲಕ ತೋಟಗದ್ದೆಗಳಿಗೆ ಬಿಡಬೇಕು. ತುಂಬಿ ಹೆಚ್ಚಾದುದು ಕೋಡಿ ಬಿದ್ದು ಕೆಳಗಿನ ಕೆರೆಗೆ ಹೋಗಬೇಕು. ಅಲ್ಲಿಂದ ಅದರ ಕೆಳಗಿನದಕ್ಕೆ. ಹೀಗೆ ಒಂದರ ಕೋಡಿ ಇನ್ನೊಂದರ ಒಡಲಾಗುವ ಕೆರೆಗಳ ಸರಪಣಿ ನಮ್ಮ ಬಯಲುಸೀಮೆಯ ಹಳೆಯ ವಿದ್ಯೆ. ಅದನ್ನು ಬಲ್ಲ ಒಕ್ಕಲಿಗನು ಪಟ್ಟಣ ಕಟ್ಟಲು ಹೊರಟದ್ದು ಬೆಂಗಳೂರಿನ ಪುಣ್ಯ. ಊರಿನ ವಾಯವ್ಯಕ್ಕೆ ಧರ್ಮಾಂಬುಧಿ, ನೈಋತ್ಯಕ್ಕೆ ಕೆಂಪಾಂಬುಧಿ, ಪೂರ್ವಕ್ಕೆ ಸಂಪಂಗಿ ಕೆರೆ. ಮೊದಲೆರಡು ವೃಷಭಾವತಿಯ ಕಣಿವೆಗೆ ಸೇರಿದವು, ಮೂರನೆಯದು ಕೋರಮಂಗಲದ ಕಡೆಯ ಕಣಿವೆಗೆ. ಪೇಟೆಯ ಎರಡು ಮಗ್ಗುಲಿನ ನೀರೂ ಹೀಗೆ ಕೈವಶವಾಯಿತು. ಈ ಕೆರೆಗಳನ್ನು ಜನ ತಲೆಮಾರುಗಳಿಂದ ಕೆಂಪೇಗೌಡನ ಹೆಸರಿನೊಡನೆಯೇ ನೆನೆದಿದ್ದಾರೆ. ಕುಡಿಯುವ ನೀರು, ದನಕರುಗಳ ನೀರು, ತಿಗಳರ ತೋಟದ ನೀರು, ಬಾವಿಗಳಿಗೆ ಒರತೆ, ಎಲ್ಲವೂ ಅವುಗಳಿಂದ.

ನೀರಿನ ಬಳಿಯಲ್ಲಿ ದೇವರೂ ನೆಲೆಸಿದನು. ಸುಂಕೇನಹಳ್ಳಿಯ ಗುಡ್ಡದ ಮೇಲೆ ಒಂದೇ ಬಂಡೆಯಲ್ಲಿ ಕಡೆದ ಬೃಹತ್ತಾದ ಬಸವನಿಗೆ ಗುಡಿ ಕಟ್ಟಿಸಿದವನು ಕೆಂಪೇಗೌಡನೆಂದು ಪ್ರಸಿದ್ಧಿ. ವೃಷಭಾವತಿಯು ಆ ಬಸವನ ಪಾದದ ಬಳಿ ಹುಟ್ಟುತ್ತದೆಂದು ಜನರ ನಂಬಿಕೆ. ನದಿಗೆ ಆ ಹೆಸರೂ ಅದರಿಂದಲೇ. ಕಡಲೆಕಾಯಿ ಬೆಳೆದ ರೈತರು ಕಾರ್ತಿಕದ ಕೊನೆಯ ಸೋಮವಾರ ತಮ್ಮ ಮೊದಲ ಫಸಲನ್ನು ಅಲ್ಲಿಗೆ ತಂದು ಒಪ್ಪಿಸುವ ಪರಿಷೆ ಇಂದಿಗೂ ನಡೆಯುತ್ತಿದೆ. ಗವಿಯ ಗಂಗಾಧರೇಶ್ವರನ ಗುಡಿ, ಹಲಸೂರಿನ ಸೋಮೇಶ್ವರನ ಗುಡಿ, ಇವುಗಳ ವಿಸ್ತಾರದಲ್ಲಿಯೂ ಈ ಮನೆತನದ ಕೈಯಿದೆ.

ಹೀಗೆ ಊರು ನೆಲೆಗೊಂಡಿತು; ಸಂತೆ ಬೆಳೆಯಿತು. ಇಲ್ಲಿಂದಲೇ ಕೆಂಪೇಗೌಡನ ಬಾಳಿನ ಕಷ್ಟದ ಭಾಗ ಮೊದಲಾಗುತ್ತದೆ. ಅವನು ತನ್ನ ಕುಲದೈವವಾದ ಭೈರವೇಶ್ವರನ ಹೆಸರಿನಲ್ಲಿ ನಾಣ್ಯ ಹೊಡೆಸಿದನು. ಬೆಳೆಯುತ್ತಿದ್ದ ಪೇಟೆಗೆ ಚಲಾವಣೆಯ ಹಣ ಬೇಕಾಗಿದ್ದಿರಬೇಕು. ಆದರೆ ಆ ಕಾಲದಲ್ಲಿ ಟಂಕಸಾಲೆ ಎಂಬುದು ಬರಿಯ ವ್ಯಾಪಾರದ ಸಾಧನವಲ್ಲ. ಅದು ಸಾರ್ವಭೌಮತ್ವದ ಗುರುತು. ಒಡೆಯನ ಅಪ್ಪಣೆಯಿಲ್ಲದೆ ನಾಣ್ಯ ಹೊಡೆಸುವ ಸಾಮಂತನು ತಾನೇ ಒಡೆಯನೆಂದು ಸಾರಿದಂತೆ. ಇವನ ಏಳಿಗೆಯನ್ನು ಸಹಿಸಲಾರದ ನೆರೆಯವರಿಗೆ ಒಳ್ಳೆಯ ನೆಪ ಸಿಕ್ಕಿತು; ದೂರು ವಿಜಯನಗರವನ್ನು ಮುಟ್ಟಿತು. ಅಚ್ಯುತದೇವರಾಯನು ಆಗ ಇರಲಿಲ್ಲ. ಸಿಂಹಾಸನದಲ್ಲಿ ಸದಾಶಿವರಾಯನಿದ್ದನು, ಅಧಿಕಾರವೆಲ್ಲ ಅಳಿಯ ರಾಮರಾಯನ ಕೈಯಲ್ಲಿತ್ತು. ಕೆಂಪೇಗೌಡನನ್ನು ಕರೆಸಿ ಆನೆಗೊಂದಿಯ ಸೆರೆಯಲ್ಲಿಟ್ಟರು. ಅವನ ಸೀಮೆಯನ್ನು ಮುಟ್ಟುಗೋಲು ಹಾಕಿಕೊಂಡರು.

ಐದು ವರ್ಷ ಅವನು ಆ ಸೆರೆಯಲ್ಲಿದ್ದನು. ಆನೆಗೊಂದಿ ತುಂಗಭದ್ರೆಯ ಒಂದು ದಡದಲ್ಲಿದ್ದರೆ, ಅವನು ಎಳೆತನದಲ್ಲಿ ಕಂಡು ಬೆರಗಾದ ರಾಜಧಾನಿ ಇನ್ನೊಂದು ದಡದಲ್ಲಿದೆ. ಈ ಐದು ವರ್ಷಗಳ ವಿಷಯದಲ್ಲಿ ಇತಿಹಾಸ ಮೌನವಾಗಿದೆ. ಆದರೆ ಅವನ ಬೆಂಗಳೂರು ಆ ಕಾಲದಲ್ಲಿ ಪರೀಕ್ಷೆಗೆ ಒಳಗಾಯಿತೆಂಬುದು ಸ್ಪಷ್ಟ. ಪ್ರಭುವಿನ ಅರಮನೆಯನ್ನು ನೆಚ್ಚಿ ಬದುಕುವ ಊರಾಗಿದ್ದರೆ ಪ್ರಭು ಸೆರೆಗೆ ಹೋದ ಮೇಲೆ ಅದು ಹಾಳುಬೀಳಬೇಕಿತ್ತು. ಇನ್ನೂ ಎಳೆಯದಾದ ಆ ಪಟ್ಟಣ ಹಾಳಾಗಲಿಲ್ಲ. ನೇಕಾರನಿಗೆ ನೂಲು ಬೇಕು, ನೂಲಿನವನಿಗೆ ರಾಗಿ ಬೇಕು, ರಾಗಿಯವನಿಗೆ ಬಟ್ಟೆ ಬೇಕು; ಕೆರೆಯಲ್ಲಿ ನೀರಿರುವ ತನಕ ಈ ಚಕ್ರ ನಿಲ್ಲುವುದಿಲ್ಲ. ತಾನಿಲ್ಲದೆಯೂ ನಡೆಯುವಂಥದನ್ನು ಕಟ್ಟುವುದು ಕಟ್ಟುವವನಿಗೆ ಸುಲಭದ ಮಾತಲ್ಲ. ಆಳುವವರಲ್ಲಿ ಅದು ಇನ್ನೂ ಅಪರೂಪ.

ದಂಡ ತೆತ್ತು ಅವನು ಬಿಡುಗಡೆಯಾದನು. ಸೀಮೆಯೂ ಮರಳಿ ಕೈಸೇರಿತು. ಅವಮಾನಿತನಾದ ಪಾಳೆಯಗಾರನು ದಂಗೆಯೆದ್ದ ಉದಾಹರಣೆಗಳು ಬೇಕಾದಷ್ಟಿವೆ. ಕೆಂಪೇಗೌಡನು ಹಾಗೆ ಮಾಡಿದಂತೆ ಕಾಣುವುದಿಲ್ಲ. ಅವನು ತನ್ನ ಊರಿಗೆ ಮರಳಿ, ಬಿಟ್ಟ ಕೆಲಸವನ್ನು ಹಿಡಿದನು. ಅವನ ಕೊನೆಗಾಲದಲ್ಲಿ ದೊಡ್ಡದೊಂದು ಸಂಗತಿ ನಡೆಯಿತು. ೧೫೬೫ರ ಜನವರಿಯಲ್ಲಿ ರಕ್ಕಸತಂಗಡಿಯ ಯುದ್ಧದಲ್ಲಿ ರಾಮರಾಯನು ಮಡಿದನು, ವಿಜಯನಗರವು ಸೂರೆಯಾಯಿತು. ತನ್ನನ್ನು ಸೆರೆಯಲ್ಲಿಟ್ಟ ಸಾಮ್ರಾಜ್ಯದ ರಾಜಧಾನಿ ಪಾಳುಬಿದ್ದುದನ್ನೂ, ಅದನ್ನು ನೋಡಿ ತಾನು ಕಟ್ಟಿದ ಸಣ್ಣ ಪೇಟೆ ನಿಂತಿರುವುದನ್ನೂ ಅವನು ಬದುಕಿದ್ದಾಗಲೇ ಕಂಡನು. ೧೫೬೯ರಲ್ಲಿ ಅವನು ತೀರಿಕೊಂಡನು. ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿರುವ ಒಂದು ಹಳೆಯ ಮಂಟಪವನ್ನು ೨೦೧೫ರಲ್ಲಿ ಅವನ ಸಮಾಧಿಯೆಂದು ಗುರುತಿಸಿದ್ದಾರೆ. ಶಿವಗಂಗೆಯ ಗಂಗಾಧರೇಶ್ವರನ ಸನ್ನಿಧಿಯಲ್ಲಿ ಅವನ ಲೋಹದ ಮೂರ್ತಿಯೊಂದಿದೆ. ಅದನ್ನು ಅಲ್ಲಿ ನಿಲ್ಲಿಸಿದ್ದು ೧೬೦೯ರಲ್ಲಿ.

ಅವನ ತರುವಾಯ ಬಂದ ಇಮ್ಮಡಿ ಕೆಂಪೇಗೌಡನು ತಂದೆಯ ಊರನ್ನು ಬೆಳೆಸಿದನು. ಲಾಲ್‌ಬಾಗಿನ ಬಂಡೆಯ ಮೇಲೆ, ಹಲಸೂರಿನ ಕೆರೆಯ ಬಳಿ, ಕೆಂಪಾಂಬುಧಿಯ ಬಳಿ, ಬಳ್ಳಾರಿ ರಸ್ತೆಯ ಮೇಖ್ರಿ ವೃತ್ತದ ಬಳಿ ನಿಂತಿರುವ ಆ ನಾಲ್ಕು ಗೋಪುರಗಳು ಅವನ ಕಾಲದವೆನ್ನುತ್ತಾರೆ. ೧೬೩೮ರಲ್ಲಿ ಬಿಜಾಪುರದ ರಣದುಲ್ಲಾಖಾನನು ಷಹಾಜಿಯೊಡನೆ ಬಂದು ಬೆಂಗಳೂರನ್ನು ಹಿಡಿದನು. ಊರು ಷಹಾಜಿಯ ಜಹಗೀರಾಯಿತು, ಕೆಂಪೇಗೌಡನ ವಂಶದವರು ಮಾಗಡಿಗೆ ಸರಿದರು. ೧೬೮೭ರಲ್ಲಿ ಮೊಗಲರ ಸೇನಾನಿ ಕಾಸಿಂಖಾನನ ಕೈಗೆ ಬಿದ್ದ ಊರನ್ನು ಮೈಸೂರಿನ ಚಿಕ್ಕದೇವರಾಜ ಒಡೆಯರು ಮೂರು ಲಕ್ಷ ರೂಪಾಯಿ ಕೊಟ್ಟು ಪಡೆದರು. ೧೭೨೮ರಲ್ಲಿ ಮಾಗಡಿಯೂ ಮೈಸೂರಿನ ಪಾಲಾಗಿ ನಾಡಪ್ರಭುಗಳ ಆಳ್ವಿಕೆಯೇ ಮುಗಿಯಿತು. ಆಮೇಲೆ ಹೈದರನು ಬಂದನು, ಟಿಪ್ಪುವು ಬಂದನು; ೧೭೯೧ರ ಮಾರ್ಚಿಯಲ್ಲಿ ಕಾರ್ನ್‌ವಾಲಿಸನ ಸೈನ್ಯ ಹಲಸೂರು ಬಾಗಿಲನ್ನು ಒಡೆದು ಪೇಟೆಗೆ ನುಗ್ಗಿತು. ೧೮೦೯ರಲ್ಲಿ ದಂಡು ಬಂದಿತು. ೧೮೩೧ರಲ್ಲಿ ಮೈಸೂರು ಸೀಮೆಯ ಆಡಳಿತವೇ ಇಲ್ಲಿಗೆ ಸಾಗಿತು. ೧೯೫೬ರಲ್ಲಿ ಏಕೀಕೃತ ಕನ್ನಡನಾಡಿನ ರಾಜಧಾನಿಯೆಂಬ ಪಟ್ಟ ದೊರಕಿತು. ಒಡೆಯರು ಬಂದರು, ಹೋದರು. ಪೇಟೆಯ ಚೌಕದಲ್ಲಿ ಅಂಗಡಿ ತೆರೆಯುವುದು ಮಾತ್ರ ನಿಲ್ಲಲಿಲ್ಲ.

ಕೆಂಪೇಗೌಡನು ಕಟ್ಟಿದ್ದರಲ್ಲಿ ಏನು ಉಳಿಯಿತು, ಏನು ಅಳಿಯಿತು ಎಂದು ಲೆಕ್ಕ ಹಾಕಿದರೆ ಮನಸ್ಸು ಮುದುಡುತ್ತದೆ. ಮಣ್ಣಿನ ಕೋಟೆ ಹೋಯಿತು; ಹೋಗಬೇಕಾದದ್ದೇ. ವಂಶ ಹೋಯಿತು, ವಂಶಗಳೆಲ್ಲ ಹೋಗುತ್ತವೆ. ಪೇಟೆಗಳು ಉಳಿದವು. ಆದರೆ ಅವುಗಳ ಜೀವವಾಗಿದ್ದ ಕೆರೆಗಳನ್ನು ಯಾವ ಶತ್ರುವೂ ಬಂದು ಹಾಳುಮಾಡಲಿಲ್ಲ, ನಾವೇ ಹೂಳಿದೆವು. ೧೮೯೬ರಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂದಿತು. ಊರಿನ ಕನಸನ್ನು ಕೆಂಪೇಗೌಡನು ಕಂಡನೆನ್ನುವ ಆ ಕಡೆಯಿಂದಲೇ ನೀರೂ ಬಂದದ್ದು ಆಕಸ್ಮಿಕ. ಅದು ಸಾಲದೆ ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿ, ೧೯೭೪ರಿಂದ ನೂರು ಕಿಲೋಮೀಟರ್ ದೂರದ ಕಾವೇರಿ. ಮನೆಯೊಳಗೆ ನಲ್ಲಿ ಬಂದ ಮೇಲೆ ಊರೊಳಗಿನ ಕೆರೆ ಬೇಡವಾಯಿತು. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಕರಗದ ಪೂಜೆಗೆಂದು ಒಂದು ಚಿಕ್ಕ ಕೊಳ ಮಾತ್ರ ಉಳಿಯಿತು. ಧರ್ಮಾಂಬುಧಿಯ ಅಂಗಳದಲ್ಲಿ ಬಸ್ಸುಗಳು ನಿಂತವು. ಆ ನಿಲ್ದಾಣಕ್ಕೆ ನಾವು ಇಟ್ಟ ಹೆಸರು ಕೆಂಪೇಗೌಡನದು.

ಹಿರಿಯರ ಹೆಸರಿಡುವುದು ತಪ್ಪಲ್ಲ. ಆದರೆ ಕೆರೆ ಕಟ್ಟಿದವನ ಹೆಸರನ್ನು ಆ ಕೆರೆಯ ಹೂಳಿನ ಮೇಲೆಯೇ ಬರೆದು ನಾವು ಗೌರವ ಸಲ್ಲಿಸಿದ್ದೇವೆಂದು ತೃಪ್ತರಾಗುವುದಾದರೆ, ಅವನನ್ನು ಅರಿತುಕೊಂಡಂತಾಗಲಿಲ್ಲ. ಬೇಸಗೆಯಲ್ಲಿ ನೀರಿನ ಲಾರಿಗೆ ಕಾಯುವ ಬಡಾವಣೆಗಳೇ ಮಳೆಗಾಲದಲ್ಲಿ ಮುಳುಗುವುದನ್ನು ನಾವು ವರ್ಷವರ್ಷವೂ ನೋಡುತ್ತಿದ್ದೇವೆ. ೨೦೨೪ರ ಬೇಸಗೆಯಲ್ಲಿ ಕೊಳವೆ ಬಾವಿಗಳು ಬತ್ತಿ ನಗರ ತತ್ತರಿಸಿತು. ಅದಕ್ಕೆ ಎರಡೇ ವರ್ಷ ಹಿಂದೆ, ೨೦೨೨ರಲ್ಲಿ, ಬೆಳ್ಳಂದೂರಿನ ಕಡೆ ಬೀದಿಗಳಲ್ಲಿ ದೋಣಿಗಳು ಓಡಾಡಿದ್ದವು. ದಿಣ್ಣೆಯ ಇಳಿಜಾರು ಅಂದು ಇದ್ದಂತೆಯೇ ಇಂದೂ ಇದೆ. ನೀರು ತನ್ನ ಹಳೆಯ ದಾರಿಯನ್ನು ಮರೆತಿಲ್ಲ. ಮರೆತವರು ನಾವು.

ಕೆಂಪಾಂಬುಧಿ ಇನ್ನೂ ಇದೆ. ಗವೀಪುರದ ಕಡೆ ಹೋಗುವ ವಿದ್ಯಾರ್ಥಿಗಳು ಅಲ್ಲಿನ ಗೋಪುರವನ್ನು ನೋಡಿ ಹಿಂದಿರುಗದೆ, ಒಮ್ಮೆ ಏರಿಯ ಮೇಲೆ ನಿಂತು ನೋಡಬೇಕು. ಯಾವ ಕಡೆಯಿಂದ ನೀರು ಬರುತ್ತಿತ್ತು, ಕೋಡಿ ಎಲ್ಲಿತ್ತು, ಅಲ್ಲಿಂದ ಅದು ಎತ್ತ ಹರಿಯಿತು ಎಂದು ಹಿರಿಯರನ್ನು ಕೇಳಿ ತಿಳಿಯಬೇಕು. ನಾಡಪ್ರಭುವಿನ ಜೀವನಚರಿತ್ರೆಯ ಬಹುಭಾಗ ಪುಸ್ತಕಗಳಲ್ಲಿ ಸಿಗುವುದಿಲ್ಲ; ಆ ಏರಿಯ ಮೇಲೆ ನಿಂತವರಿಗೆ ಅದರ ಒಂದು ಅಧ್ಯಾಯವಾದರೂ ಓದಲು ಸಿಕ್ಕೀತು.